ಹದಿನೇಳನೆಯ ಹೊಲಿಗೆ

ಟೈಪಿಂಗ್ ಮೇಷ್ಟ್ರ ಅಂಗಿಯ ತೋಳು ಚರ್ಮದ ಪಟ್ಟಿಗೆ ಸೇರಿಹೋದದ್ದು ಸ್ವಿಚ್ಚು ಆರಿಸಿದ ಮೇಲೆ. ಆರಿಸುವ ಮೊದಲೇ ಆಗಿದ್ದರೆ ಮರ್ಯಾದೆ ಅರ್ಧವಾದರೂ ಉಳಿಯುತ್ತಿತ್ತು. ಆದರೆ ಮೇಷ್ಟ್ರು ಸ್ವಿಚ್ಚು ಆರಿಸಿ, "ಇನ್ನು ಇದು ಬರೀ ಕಬ್ಬಿಣ, ಮಗು ಕೂಡ ಮುಟ್ಟಬಹುದು" ಎಂದು ರಿಪೇರಿಯವನಿಗೇ ಪಾಠ ಹೇಳುತ್ತಾ ಹೊಲಿಗೆ ಮೆಶೀನಿನ ಮೇಲೆ ಬಾಗಿ, ಆಸರೆಗೆಂದು ಪೆಡಲಿನ ಮೇಲೆ ಕಾಲೂರಿದರು. ಮೇಜಿನ ಕೆಳಗಿನ ಮೋಟಾರು ಇನ್ನೂ ಗುಂಯ್‌ಗುಡುತ್ತಾ ಸುತ್ತುತ್ತಲೇ ಇತ್ತು. ಅದಕ್ಕೆ ಅಷ್ಟು ಸಾಕಾಯಿತು. ಟಕಟಕ ಎಂದು ಸೂಜಿ ಓಡಿ, ಪಟ್ಟಿಯ ಜೊತೆಗೆ ತೋಳನ್ನೂ ಚೋಟುದ್ದ ಹೊಲಿದು ನಿಂತಿತು. ಕೈ ಉಳಿದದ್ದು ತೋಳು ಸಡಿಲವಾಗಿದ್ದರಿಂದ. ಮುಂದೆ ದಪ್ಪಗಾಗುತ್ತೇನೆಂಬ ದೂರದೃಷ್ಟಿಯಿಂದ ಅವರು ಯಾವಾಗಲೂ ಒಂದು ಅಳತೆ ಹೆಚ್ಚೇ ಹೊಲಿಸುತ್ತಿದ್ದರು.

ರಿಪೇರಿಯವನನ್ನು ಎಲ್ಲರೂ ಸ್ಕ್ರೂ ಅಣ್ಣ ಎನ್ನುತ್ತಿದ್ದರು. ಬಿಚ್ಚಿದ ಸ್ಕ್ರೂಗಳನ್ನು ತುಟಿಯ ಸಂದಿಯಲ್ಲಿ ಇಟ್ಟುಕೊಂಡೇ ಮಾತಾಡುವುದು ಅವನ ಅಭ್ಯಾಸ.

"ಮೇಷ್ಟ್ರೇ, ಪಾಠ ಗಟ್ಟಿಯಾಗಿ ಕೂತಿದೆ. ಅಂಗಿ ಹರಿದ್ರೂ ಇದು ಬಿಡಲ್ಲ" ಎಂದ ಅವನು.

ಇಂಥ ಪ್ರಸಂಗಕ್ಕೆ ಮೊದಲು ನಗಬೇಕಾದವಳು ಅಕ್ಕ. ತಮ್ಮ ಬಿದ್ದರೆ ಎತ್ತುವ ಮೊದಲು ಹೊಟ್ಟೆ ತುಂಬ ನಕ್ಕು ಎತ್ತುವ ಜಾತಿ ಅವಳದು. ಆದರೆ ಟಕಟಕ ಕೇಳಿದ ಕೂಡಲೇ ಅಡುಗೆಮನೆಯಿಂದ ಬಂದದ್ದು ನಗುವಲ್ಲ. "ಬಂದೆ, ಬಂದೆ" ಎಂಬ ದನಿ. ಒದ್ದೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು ನಿಂತಳು.

"ಯಾರು ಕರೆದದ್ದು?"

"ಯಾರೂ ಕರೀಲಿಲ್ಲ ಅಕ್ಕ."

"ಹೌದಾ" ಎಂದು ಮೆಶೀನಿನ ಕಡೆ ನೋಡಿದಳು. ಮೇಷ್ಟ್ರಿಗೆ ಅಲ್ಲಿ ನಿಲ್ಲುವುದೇ ಬೇಡವೆನಿಸಿತು. ತೋಳು ಬಿಡಿಸಿಕೊಂಡು ಓಡುವಂತೆಯೂ ಇರಲಿಲ್ಲ.

ಅಕ್ಕ ಮೇಷ್ಟ್ರಿಗೆ ಒಡಹುಟ್ಟಿದವಳು, ಬೀದಿಗೆ ಚೀಲದಕ್ಕ. ಹತ್ತೊಂಬತ್ತನೆಯ ವಯಸ್ಸಿಗೆ ಚರ್ಮದ ಕಾರ್ಖಾನೆಯಲ್ಲಿ ಅಂಟು ಹಚ್ಚುವ ಮೇಜಿಗೆ ಸೇರಿದಳು. ಅದೇ ಹಾಲಿನಲ್ಲಿ ನಲವತ್ತು ಹೊಲಿಗೆ ಮೆಶೀನುಗಳಿದ್ದವು. ಕಿಟಕಿ ಪಕ್ಕದ ಒಂದರಲ್ಲಿ, ಮುಂದೆ ಭಾವನಾಗಲಿದ್ದವರು ಕೂತಿರುತ್ತಿದ್ದರು. ಅವರು ದಿನಕ್ಕೆ ಮೂರೇ ಮಾತು ಎಂದು ಪಡಿ ಬರೆಸಿಕೊಂಡು ಹುಟ್ಟಿದವರ ಹಾಗೆ. ಅದರಲ್ಲೂ ಒಂದನ್ನು ನಾಳೆಗೆಂದು ಉಳಿಸುವವರು. ಒಂದು ದಿನ ಅಕ್ಕನ ಅಂಟಿನ ಡಬ್ಬಿಯ ಹಿಂದೆ ಪುಟ್ಟ ಚರ್ಮದ ಪರ್ಸೊಂದನ್ನು ಇಟ್ಟು ಹೋದರು. ಅಕ್ಕ ಅದನ್ನು ತಿರುಗಿಸಿ ನೋಡಿದಳು. ಹದಿನಾರು ಹೊಲಿಗೆ ಮುತ್ತು ಪೋಣಿಸಿದಂತೆ ಸಮ, ಹದಿನೇಳನೆಯದು ಗಿಡ್ಡ. ಮತ್ತೆ ಹದಿನಾರು ಸಮ, ಮತ್ತೊಂದು ಗಿಡ್ಡ. ಪರ್ಸು ಹಿಡಿದು ನೇರ ಅವರ ಮುಂದೆ ಹೋಗಿ ನಿಂತು, "ಇಲ್ಲಿ ಹೊಲಿಗೆ ತಪ್ಪಿದೆ" ಎಂದಳು.

"ಅಲ್ಲಿ ನೀನು ನೆನಪಾದೆ" ಎಂದರು ಅವರು. ಆ ದಿನದ ಮೂರೂ ಮಾತು ಅಲ್ಲಿಗೆ ಖರ್ಚಾದವು.

ಮದುವೆಯಾಯಿತು. ಮನೆಗೆ ಚಪ್ಪಲಿ ಬಂತು, ಬೆಲ್ಟು ಬಂತು, ಗಡಿಯಾರದ ಪಟ್ಟಿ, ಕುರ್ಚಿಯ ಹೊದಿಕೆ, ಕನ್ನಡಕದ ಚೀಲ ಎಲ್ಲ ಬಂದವು. ಎಲ್ಲದರಲ್ಲೂ ಹದಿನೇಳನೆಯದು ಗಿಡ್ಡ. ಕಾರ್ಖಾನೆಯ ಚೀಲಗಳಲ್ಲಿ ಮಾತ್ರ ಎಲ್ಲೂ ಇಲ್ಲ. ಅವು ಅಸ್ತರು ಅಂಟಿಸಲು ಅಕ್ಕನ ಮೇಜಿಗೇ ಬರುತ್ತಿದ್ದುದರಿಂದ ಅವಳಿಗೆ ಇದು ಕಣ್ಣಾರೆ ಗೊತ್ತಿತ್ತು. ಹೀಗಾಗಿ ಸಾಕ್ಷಿ ಪುರಾವೆ ಸಮೇತ ಸಾಬೀತಾದ ಪ್ರೀತಿ ಅದು. ಮೇಷ್ಟ್ರ ಹೆಂಡತಿ ಅದನ್ನೇ ಹಿಡಿದು ಚುಚ್ಚುತ್ತಿದ್ದಳು: "ನೀವೂ ಇಷ್ಟು ವರ್ಷ ಟೈಪ್ ಮಾಡಿದ್ರಲ್ಲ, ನನ್ನ ನೆನೆಸ್ಕೊಂಡು ಒಂದು ಅಕ್ಷರನಾದ್ರೂ ತಪ್ಪು ಹೊಡೆದಿದೀರಾ?" ತಪ್ಪುಗಳನ್ನು ಅವರು ಧಾರಾಳವಾಗಿಯೇ ಹೊಡೆದಿದ್ದರು. ಯಾವುದೂ ಆಕೆಯನ್ನು ನೆನೆದು ಹೊಡೆದದ್ದಲ್ಲ.

ಕಾರ್ಖಾನೆ ಮುಚ್ಚಿತು. ಮರುವರ್ಷ ಭಾವ ಹಾಸಿಗೆ ಹಿಡಿದರು. ಮುಂದಿನ ಕೋಣೆಯಲ್ಲಿ ನಾಲ್ಕು ತಿಂಗಳು ಮಲಗಿದ್ದು, ಮೂರರಿಂದ ಎರಡು, ಎರಡರಿಂದ ಒಂದು ಮಾತಿಗೆ ಇಳಿದು, ಕೊನೆಗೆ ಅದನ್ನೂ ನಿಲ್ಲಿಸಿದರು. ಅದಾಗಿ ಮೂರು ವರ್ಷ. ಅಂದಿನಿಂದ ಅಕ್ಕ ಎರಡು ಸೂಜಿ, ಒಂದು ದಬ್ಬಳ ಹಿಡಿದು ಕೈಯಲ್ಲೇ ಚೀಲ ಹೊಲಿಯುತ್ತಿದ್ದಳು. ಈಗ ಹೆಬ್ಬೆರಳಿನ ಗೆಣ್ಣು ಊದಿಕೊಂಡು ದಬ್ಬಳ ಹಿಡಿಯಲಾಗದಂತಾಗಿತ್ತು. ವಾದ್ಯಗಳ ಅಂಗಡಿಯ ಯಜಮಾನಿ ವಾದ್ಯದ ಪೆಟ್ಟಿಗೆಗಳಿಗೆ ಹೆಗಲಪಟ್ಟಿ ಬೇಕೆಂದಿದ್ದಳು. ಆದರೆ ಶನಿವಾರದೊಳಗೆ ಮಾದರಿ ತೋರಿಸಬೇಕು, ಹೊಲಿಗೆ ಸ್ಕೇಲಿಟ್ಟು ಅಳೆದರೂ ಒಂದೇ ಸಮ ಇರಬೇಕು. ಇದು ತಪ್ಪಿದರೆ ಅಕ್ಕನ ಕಸುಬು ಮುಗಿದ ಹಾಗೆಯೇ. "ಮತ್ತೇನು, ನಿನ್ನ ಮನೆಗೆ ಬಂದು ನಿನ್ನ ಹೆಂಡತಿ ಹತ್ರ ಬೈಸ್ಕೊಂಡು ಕೂರ್ತೀನಿ" ಎಂದು ಅವಳು ತಮಾಷೆ ಮಾಡಿದಾಗ ಮೇಷ್ಟ್ರಿಗೆ ನಗು ಬರಲಿಲ್ಲ.

ಹಾಗಾಗಿ ಮೆಶೀನು ತರುವ ಕೆಲಸ ಅವರೇ ಹೊತ್ತುಕೊಂಡರು. ಟೈಪ್‌ರೈಟರು ಬಿಚ್ಚಿ ಜೋಡಿಸಿದ ಕೈಗೆ ಹೊಲಿಗೆ ಮೆಶೀನು ಯಾವ ಲೆಕ್ಕ ಎಂಬುದು ಅವರ ಧೈರ್ಯ. ಗುಜರಿಯವನ ಅಂಗಳದಲ್ಲಿ, ಮುಚ್ಚಿದ ಕಾರ್ಖಾನೆಯಿಂದ ಬಂದ ಹನ್ನೊಂದು ಮೆಶೀನುಗಳು ಮುಖ ಗೋಡೆಗೆ ಹಾಕಿ ನಿಂತಿದ್ದವು. ಅವರು ಎಲ್ಲವನ್ನೂ ಪರೀಕ್ಷಿಸಿದಂತೆ ನಟಿಸಿ ಒಂದನ್ನು ಆರಿಸಿದರು. ಯಾಕೆಂದು ಕೇಳಿದ್ದರೆ ಹೇಳಲು ಗೊತ್ತಾಗುತ್ತಿರಲಿಲ್ಲ. ಉಳಿದವು ಬರೀ ಹಳೆಯ ಮೆಶೀನುಗಳಾಗಿದ್ದವು, ಇದೊಂದು ಮಾತ್ರ ಯಾರೋ ಈಗಷ್ಟೇ ಎದ್ದು ಹೋದಂತೆ ಕಾಣುತ್ತಿತ್ತು.

ಅಕ್ಕನ ಮನೆಯಲ್ಲಿ ಪ್ಲಗ್ಗು ಇದ್ದದ್ದು ಮುಂದಿನ ಕೋಣೆಯ ಒಂದು ಮೂಲೆಯಲ್ಲಿ ಮಾತ್ರ. ಹೀಗಾಗಿ ಭಾವನ ಮಂಚವಿದ್ದ ಜಾಗದಲ್ಲೇ ಮೆಶೀನು ಕೂತಿತು. ಸ್ಕ್ರೂ ಅಣ್ಣ ಎರಡು ದಿನ ಸೀಮೆಎಣ್ಣೆಯಲ್ಲಿ ಜಿಡ್ಡು ತೊಳೆದ, ಎಣ್ಣೆಯ ಬತ್ತಿಗಳನ್ನು ಬದಲಿಸಿದ, ಸೂಜಿಗೂ ಕೆಳಗಿನ ಕೊಕ್ಕೆಗೂ ಹೊಂದಾಣಿಕೆ ನೋಡಿದ. ಸಂಜೆ ಮೇಲೆತ್ತಿಟ್ಟು ಹೋದ ಸೂಜಿ ಎರಡು ದಿನವೂ ಬೆಳಗ್ಗೆ ಕೆಳಗಿಳಿದಿತ್ತು, ರಾತ್ರಿ ಯಾರೋ ಒಂದು ಹೊಲಿಗೆ ಹಾಕಿ ಎದ್ದಂತೆ. "ಬೆಲ್ಟು ಹಾಕಿಲ್ಲವಲ್ಲ, ಭಾರಕ್ಕೆ ಇಳಿಯತ್ತೆ" ಎಂದ ಸ್ಕ್ರೂ ಅಣ್ಣ. ಮೇಷ್ಟ್ರು ಒಪ್ಪಿದರು. ಒಪ್ಪಿದ ಮೇಲೂ ಅದಕ್ಕೆ ಬೆನ್ನು ಹಾಕಿ ಕೂರಲಿಲ್ಲ. ಮೂರನೆಯ ದಿನ ಬೆಲ್ಟು ಬಿತ್ತು, ಮೋಟಾರು ಓಡಿತು. ಆಗಲೇ ಅವರ ತೋಳು ಹೊಲಿಗೆಗೆ ಸಿಕ್ಕಿದ್ದು.

ಅಕ್ಕ ಬ್ಲೇಡು ತಂದು ತೋಳನ್ನು ಬಿಡಿಸತೊಡಗಿದಳು. ನಾಲ್ಕು ಹೊಲಿಗೆ ಕತ್ತರಿಸಿ ನಿಂತಳು. ಉಗುರಿನ ತುದಿಯಿಂದ ಉಳಿದವನ್ನು ಒಂದೊಂದಾಗಿ ಮುಟ್ಟಿದಳು. ಎರಡು ಗಿಡ್ಡ ಹೊಲಿಗೆಗಳು. ಅವುಗಳ ನಡುವೆ ಹದಿನಾರು.

"ಇದನ್ನ ಎಲ್ಲಿಂದ ತಂದೆ?"

"ಗುಜರಿಯಿಂದ. ನಿಮ್ಮ ಕಾರ್ಖಾನೇದೇ. ಹನ್ನೊಂದಿತ್ತು."

"ಹನ್ನೊಂದರಲ್ಲಿ ಇದೇ ಸಿಕ್ತಾ ನಿಂಗೆ" ಎಂದಳು. ದನಿ ಎಷ್ಟು ಸಣ್ಣಗಿತ್ತೆಂದರೆ, ಅದು ಪ್ರಶ್ನೆಯೋ ಬೈಗುಳವೋ ಮೇಷ್ಟ್ರಿಗೆ ತಿಳಿಯಲಿಲ್ಲ.

ಸ್ಕ್ರೂ ಅಣ್ಣನಿಗೆ ಒಳಗಿನ ಕಥೆ ಗೊತ್ತಿಲ್ಲ. ಅವನು ಪಟ್ಟಿ ನೋಡಿ, ಮೆಶೀನನ್ನು ಹಿಂದಕ್ಕೆ ಮಲಗಿಸಿ, ಚರ್ಮವನ್ನು ಮುಂದೆ ತಳ್ಳುವ ಪುಟ್ಟ ಹಲ್ಲುಗಾಲಿಯನ್ನು ಬಿಚ್ಚಿ ಬೆಳಕಿಗೆ ಹಿಡಿದ. "ಎರಡು ಹಲ್ಲು ಉದುರಿವೆ. ನನ್ನ ಬಾಯಲ್ಲೂ ಅಷ್ಟೇ. ಗಾಲಿ ಒಂದು ಸುತ್ತು ಬಂದಾಗ ಅಲ್ಲಿ ಹಿಡಿತ ತಪ್ಪತ್ತೆ, ಚರ್ಮ ಪೂರ್ತಿ ಮುಂದೆ ಹೋಗಲ್ಲ. ಹೊಲಿಗೆ ಗಿಡ್ಡ ಬೀಳತ್ತೆ. ಹಳೇ ಕಾಯಿಲೆ, ಇಪ್ಪತ್ತು ಮೂವತ್ತು ವರ್ಷದ್ದು."

"ಮೆಶೀನಿನದ್ದಾ?" ಎಂದಳು ಅಕ್ಕ.

"ಮತ್ತಿನ್ಯಾರದ್ದಮ್ಮ?"

"ಕಾರ್ಖಾನೆ ಚೀಲದಲ್ಲಿ ಇದು ಇರ್ತಿರಲಿಲ್ಲ. ಒಂದರಲ್ಲೂ."

ಸ್ಕ್ರೂ ಅಣ್ಣ ಮೆಶೀನನ್ನು ಎತ್ತಿ ನಿಲ್ಲಿಸಿದ. ಸೂಜಿಯ ಎಡಕ್ಕೆ, ಕಪ್ಪು ಬಣ್ಣ ಸವೆದು ಬೆಳ್ಳಗಾದ ಕಬ್ಬಿಣದಲ್ಲಿ, ಬೆರಳಗಲದ ಒಂದು ತಗ್ಗು ಹೊಳೆಯುತ್ತಿತ್ತು. ಗುಜರಿಯ ಅಂಗಳದಲ್ಲಿ ಮೇಷ್ಟ್ರ ಕಣ್ಣಿಗೆ ಬಿದ್ದದ್ದು ಅದೇ ಹೊಳಪು. "ನೋಡಿ, ಇಲ್ಲಿ ಬೆರಳಿಟ್ಟು ಎಳೀತಿದ್ದ ಆ ಮನುಷ್ಯ. ಗಾಲಿ ತಪ್ಪೋ ಜಾಗದಲ್ಲಿ ಚರ್ಮನ ಕೈಯಲ್ಲೇ ಒಂಚೂರು ಮುಂದೆ. ಹದಿನೇಳಕ್ಕೊಂದು ಸಲ. ಕಬ್ಬಿಣ ಸವೆಯೋ ಅಷ್ಟು ಸಲ. ಗಾಲಿ ಬದಲಾಯಿಸಿ ಅಂತ ಕೇಳೋಕೆ ಒಂದು ಮಾತು ಸಾಕಿತ್ತು. ಎಂಥ ಮೂಗನೋ ಏನೋ."

"ಮನೆಗೆ ಮಾಡಿದ್ದರಲ್ಲಿ ಇರ್ತಿತ್ತು" ಎಂದಳು ಅಕ್ಕ.

"ಮನೆ ಕೆಲಸಕ್ಕೆ ಯಾರು ಅಷ್ಟು ಮೈ ಮುರೀತಾರಮ್ಮ? ಎಳೆದಿರಲ್ಲ, ಬಿಟ್ಟಿರ್ತಾನೆ."

ಮೇಷ್ಟ್ರು ಕೆಮ್ಮಿದರು. ಅವರಿಗೆ ಕೆಮ್ಮಿರಲಿಲ್ಲ. ಸ್ಕ್ರೂ ಅಣ್ಣನ ತುಟಿಯ ಸ್ಕ್ರೂಗಳೆಲ್ಲ ಗಂಟಲಿಗೆ ಇಳಿಯಬಾರದೇ ಎಂದು ಕೆಟ್ಟ ಆಸೆಯೊಂದು ಬಂದು ಹೋಯಿತು. ಅವನು ಏನೂ ತಿಳಿಯದೆ ಡಬ್ಬಿಯಿಂದ ಹೊಸ ಗಾಲಿ ತೆಗೆದ. "ಹತ್ತು ನಿಮಿಷದ ಕೆಲಸ. ಹಾಕಿಬಿಡ್ಲಾ?"

"ಹಳೇದನ್ನೇ ಹಾಕಿ. ಹೊಸದು ಇಲ್ಲೇ ಇಟ್ಟಿರಿ" ಎಂದಳು ಅಕ್ಕ.

ಮರುದಿನ ಶುಕ್ರವಾರ. ಮೇಷ್ಟ್ರು ಬೆಳಗ್ಗೆಯೇ ಬಂದರು. ಟೈಪಿಂಗ್ ಕ್ಲಾಸಿನಲ್ಲಿ ಉಳಿದಿದ್ದ ಮೂರು ಮಂದಿಗೆ ರಜೆ ಕೊಟ್ಟಿದ್ದರು, ಅವರು ಕೇಳದಿದ್ದರೂ. ಅಕ್ಕನ ಕಣ್ಣು ಊದಿತ್ತು. ಗಾಲಿಯ ವಿಷಯ ಅವಳು ಎತ್ತಲಿಲ್ಲ, "ಮೂವತ್ತು ವರ್ಷ ನಂಬಿದ್ದೆ ಕಣೋ" ಎಂದಷ್ಟೇ ಅಂದಳು. ಮೇಷ್ಟ್ರು "ಟೀ ಇದೆಯಾ?" ಎಂದರು.

ಅಕ್ಕ ಟೀ ಕೊಟ್ಟು ಮೆಶೀನಿಗೆ ಕೂತಳು. ಎಡಗೈ ಬೆರಳನ್ನು ತಗ್ಗಿನಲ್ಲಿಟ್ಟಳು. ತಗ್ಗು ಅವಳ ಬೆರಳಿಗಿಂತ ದೊಡ್ಡದಿತ್ತು. ಮೇಷ್ಟ್ರು ಸ್ಟೂಲಿನ ಮೇಲೆ ಕೂತು ಕ್ಲಾಸಿನಲ್ಲಿ ಹೇಳುವ ಹಾಗೆ ಒಂದು, ಎರಡು, ಮೂರು ಎಂದು ಎಣಿಸಿದರು. ಹದಿನೇಳಕ್ಕೆ ಅಕ್ಕ ಎಳೆದಳು. ಹೆಚ್ಚಾಯಿತು. ಹೊಲಿಗೆ ಉದ್ದ ಬಿತ್ತು. ಮತ್ತೆ ಎಳೆದಳು, ತಡವಾಯಿತು. ಮಧ್ಯಾಹ್ನದ ಹೊತ್ತಿಗೆ ನೆಲದ ತುಂಬ ಹಾಳಾದ ಪಟ್ಟಿಗಳು.

"ನಿನ್ನ ಎಣಿಕೆ ನಿಲ್ಲಿಸು. ನನಗೆ ಕೇಳ್ತದೆ" ಎಂದಳು ಅಕ್ಕ.

"ಏನು ಕೇಳ್ತದೆ?"

"ಅದು ಬರೋದು."

ಮೇಷ್ಟ್ರು ಕಿವಿಗೊಟ್ಟರು. ಅವರಿಗೆ ಬರೀ ಟಕಟಕ. ಅಕ್ಕನಿಗೆ ಆ ಟಕಟಕದೊಳಗೆ ಒಂದು ಹೆಜ್ಜೆ ಸ್ವಲ್ಪ ಹಗುರಾಗಿ ಬೀಳುತ್ತಿತ್ತು. ನಲವತ್ತು ಮೆಶೀನುಗಳ ಗದ್ದಲದಲ್ಲೂ ಅದನ್ನು ಹೆಕ್ಕಿ ತೆಗೆಯುತ್ತಿದ್ದ ಕಿವಿ ಅದು. ಕಣ್ಣು ಅರೆಮುಚ್ಚಿ ಹೊಲಿಯುತ್ತಾ ಹೋದಳು. ಸಂಜೆಯ ಬೆಳಕು ತಗ್ಗಿನ ಮೇಲೆ ಬಿದ್ದಾಗ ಮೇಷ್ಟ್ರು ಕಂಡದ್ದನ್ನು ಅವರು ಹೆಂಡತಿಗೂ ಹೇಳಿಲ್ಲ: ಅಕ್ಕನ ಬೆರಳು ಚರ್ಮವನ್ನು ಎಳೆಯುತ್ತಿರಲಿಲ್ಲ. ಚರ್ಮ ತಾನೇ ಸರಿಯುತ್ತಿತ್ತು, ಬೆರಳು ಅದರ ಹಿಂದೆ ಹೋಗುತ್ತಿತ್ತು. ಕನ್ನಡಕ ಒರೆಸಿ ನೋಡಿದರು. ಹಾಗೆಯೇ ಇತ್ತು. ಎದ್ದು ಅಡುಗೆಮನೆಗೆ ಹೋಗಿ, ಬೇಡವಾಗಿದ್ದರೂ ಎರಡು ಲೋಟ ನೀರು ಕುಡಿದರು.

ಶನಿವಾರ ವಾದ್ಯದಂಗಡಿಯ ಯಜಮಾನಿ ಸ್ಕೇಲು ತಂದೇ ಬಂದಳು. ಪಟ್ಟಿಯನ್ನು ಕಿಟಕಿಗೆ ಹಿಡಿದು ಈ ತುದಿಯಿಂದ ಆ ತುದಿಗೆ ಅಳೆದಳು, ತಿರುಗಿಸಿ ಇನ್ನೊಂದು ಸಲ ಅಳೆದಳು. "ಹೊಸ ಮೆಶೀನಾ?" ಎಂದಳು. "ಹೌದು, ನಮಗೆ" ಎಂದಳು ಅಕ್ಕ. ಹೆಗಲಪಟ್ಟಿಗಳ ಕೆಲಸ ಗಟ್ಟಿಯಾಯಿತು.

ಯಜಮಾನಿ ಹೋದ ಮೇಲೆ ಅಕ್ಕ ಉಳಿದ ಚರ್ಮದ ತುಂಡೊಂದನ್ನು ಸೂಜಿಯ ಕೆಳಗಿಟ್ಟಳು. ತಮ್ಮನ ಗಡಿಯಾರಕ್ಕೆ ಪಟ್ಟಿ ಮಾಡುತ್ತೇನೆ, ಮನೆಯದಲ್ಲವೇ, ಎಳೆಯದೆ ಬಿಡುತ್ತೇನೆ ಎಂದಳು. ಮೋಟಾರು ಗುಂಯ್‌ಗುಟ್ಟಿತು. ಹದಿನೇಳು ಬಂತು. ಬೆರಳು ಎಳೆಯಿತು. "ಛೆ" ಎಂದು ಇನ್ನೊಂದು ತುಂಡು ತೆಗೆದಳು. ಬೆರಳು ಮತ್ತೆ ಎಳೆಯಿತು. ಮೂರನೆಯದರಲ್ಲಿ ಹಲ್ಲು ಕಚ್ಚಿ, ಉಸಿರು ಹಿಡಿದು, ಅದೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಾದಾಗ ಮಾತ್ರ ಬೆರಳು ಸುಮ್ಮನಿತ್ತು, ಹೊಲಿಗೆ ಗಿಡ್ಡ ಬಿತ್ತು. ಮುಂದಿನ ಹದಿನೇಳಕ್ಕೆ ಮನಸ್ಸು ಒಂಚೂರು ಆಚೆ ಸರಿಯಿತು. ಬೆರಳು ಎಳೆದೇಬಿಟ್ಟಿತು.

ಅಕ್ಕ ಕೈ ಮಡಿಲಲ್ಲಿಟ್ಟುಕೊಂಡು ಕೂತಳು.

"ಎರಡೇ ದಿನ ಎಳೆದಿದೀನಿ. ಬಿಡು ಅಂದ್ರೂ ಬಿಡಲ್ಲ ಈ ಬೆರಳು" ಎಂದಳು. "ಇಪ್ಪತ್ತಾರು ವರ್ಷ ಎಳೆದವರಿಗೆ, ಒಂದು ಚಪ್ಪಲೀಲಿ ಎಷ್ಟು ಸಲ ನೆನಪಿಟ್ಟು ಬಿಡ್ಬೇಕಾಗಿತ್ತೋ."

ಅಕ್ಕ ಸ್ವಿಚ್ಚು ಆರಿಸಿದಳು. ಮೋಟಾರು ತನ್ನಷ್ಟಕ್ಕೆ ತಾನು ಸುತ್ತುತ್ತಾ, ಉಸಿರು ಎಳೆದೆಳೆದು ಬಿಡುತ್ತಾ, ತುಂಬ ಹೊತ್ತಿನ ಮೇಲೆ ನಿಂತಿತು. ಅಲ್ಲಿಯವರೆಗೂ ಇಬ್ಬರೂ ಅಲ್ಲಾಡಲಿಲ್ಲ.

ಹೊರಡುವ ಮುಂಚೆ ಮೇಷ್ಟ್ರಿಗೆ ಕೇಳದೆ ಇರಲಾಗಲಿಲ್ಲ. "ಅಲ್ಲಾ ಅಕ್ಕ, ಹೊಸ ಗಾಲಿ ಡಬ್ಬೀಲೇ ಇದೆ. ಹಾಕಿಸ್ಕೊಂಡು ಆರಾಮಾಗಿ ಹೊಲಿಯೋದು ಬಿಟ್ಟು, ಇನ್ನು ಜೀವಮಾನ ಪೂರ್ತಿ ಹೀಗೆ ಎಳೀತಾ ಕೂರ್ತೀಯಾ?"

ಅಕ್ಕ ಹಲ್ಲಿನಿಂದ ದಾರ ಕತ್ತರಿಸಿದಳು.

"ಹೊಸದು ಹಾಕಿದ್ರೆ ಎಲ್ಲಾ ನಾನೊಬ್ಬಳೇ ಹೊಲೀಬೇಕಾಗತ್ತಲ್ಲೋ."