ಬೋಲ್ಟ್ ಸಡಿಲ, ಸೈನ್ ಬಿಗಿ

ಕಾರು ಓಡಿಸುತ್ತಿರುವ ಮಗಳಿಗೆ ಫೋನ್ ಮಾಡಬಾರದು. ಇದು ನಮ್ಮ ಮನೆಯ ಕಾನೂನು. ಅದನ್ನು ಮಾಡಿದವಳು ನಾನೇ.

ಕಳೆದ ಗುರುವಾರ ಬೆಳಿಗ್ಗೆ ಹತ್ತೂವರೆಗೆ ಅದೇ ಕಾನೂನು ನನ್ನ ಕುತ್ತಿಗೆಗೆ ಬಂತು. ಫೋನ್ ಮಾಡದಿದ್ದರೆ ಮಗಳ ಜೀವಕ್ಕೆ ಅಪಾಯ. ಮಾಡಿದರೂ ಅಪಾಯ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಇರಿ, ಮೊದಲಿನಿಂದ ಹೇಳುತ್ತೇನೆ.

ಅವತ್ತು ನಾನು ಮುಂಬೈ ಪಕ್ಕದ ನಮ್ಮ ಡೊಂಬಿವಲಿಯಿಂದ ಲೋಕಲ್ ಟ್ರೈನ್ ಹಿಡಿದು ಠಾಣೆಯ ಕೋಪರಿಗೆ ಹೋಗಿದ್ದೆ. ಅಲ್ಲಿ ನನ್ನ ಅಕ್ಕನ ಗಂಡ ರಘುರಾಮ ಭಾವನ ಹೋಟೆಲಿದೆ. ಅಕ್ಕ ಪತ್ರೊಡೆ ತುಂಬಿಸಿ ಕಳಿಸಿದ್ದ ಸ್ಟೀಲ್ ಡಬ್ಬ ಹದಿನೈದು ದಿನದಿಂದ ನಮ್ಮಲ್ಲೇ ಉಳಿದಿತ್ತು. (ಡಬ್ಬವನ್ನು ಖಾಲಿ ವಾಪಸ್ ಕೊಡುವ ಹಾಗಿಲ್ಲವಲ್ಲ. ಚಕ್ಕುಲಿ ಮಾಡುವ ಪುರುಸೊತ್ತು ಸಿಗುವವರೆಗೆ ಕಾಯಬೇಕಾಯಿತು.) ಕ್ಯಾಶ್ ಕೌಂಟರಿನಲ್ಲಿ ಭಾವನೇ ಕೂತಿದ್ದರು. ನನ್ನನ್ನು ಕಂಡು ನಕ್ಕು, ಸೋಂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಕೌಂಟರಿನ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಡಬ್ಬ ಇಡಲು ಜಾಗ ಮಾಡಿಕೊಟ್ಟರು.

ಆ ಗಾಜಿನ ಕೆಳಗೆ ಏನೇನೋ ಕಾಗದಗಳಿರುತ್ತವೆ. ಲೈಸನ್ಸಿನ ಕಾಪಿ, ಗ್ಯಾಸಿನವನ ವಿಸಿಟಿಂಗ್ ಕಾರ್ಡು, ಕೃಷ್ಣನ ಫೋಟೋ. ಅವತ್ತು ಬಟ್ಟಲು ಸರಿದ ಜಾಗದಲ್ಲಿ ಒಂದು ಪತ್ರ ಕಂಡಿತು. ಅದರಲ್ಲಿ ನಮ್ಮ ಕಾರಿನ ನಂಬರಿತ್ತು.

ಕಾರು ಒಂದೂವರೆ ವರ್ಷದ ಹಿಂದೆ ಭಾವನಿಂದ ನಮಗೆ ಬಂದದ್ದು. ನಮ್ಮವರಲ್ಲಿ ಕಾರು ಕೈಬದಲಾಗುವುದು ಹೇಗೆ ಎಂದು ನಿಮಗೆ ಗೊತ್ತೇ ಇದೆ. ಚಕ್ರದ ಕೆಳಗೆ ನಿಂಬೆಹಣ್ಣು, ಕೈಗೆ ಕೀ, ಬಾಯಿಗೆ ಗೋಳಿಬಜೆ, ಮುಗಿಯಿತು. ಸರ್ವಿಸ್ ಫೈಲ್ ಎಲ್ಲಿ ಎಂದು ಸ್ವಂತ ಭಾವನನ್ನು ಕೇಳುವುದೇ? ಛೇ! ಏನಂದುಕೊಂಡಾರು? ಹೆಸರು ಬದಲಾಯಿಸುವ ಕೆಲಸವನ್ನು ಏಜೆಂಟ್ ಮಾಡಿಕೊಟ್ಟ. ಉಳಿದದ್ದನ್ನು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಪತ್ರ ಕಂಪನಿಯದು. ರೀಕಾಲ್ ನೋಟಿಸು. ಅಂದರೆ, ನಾವು ಮಾರಿದ ಗಾಡಿಯಲ್ಲಿ ದೋಷವಿದೆ, ತನ್ನಿ, ಪುಕ್ಕಟೆಯಾಗಿ ಸರಿಮಾಡಿ ಕೊಡುತ್ತೇವೆ ಎಂಬ ಕರೆ. ಯಾವ ದೋಷ? ಗಾಜಿನ ಮೇಲೆ ಬಗ್ಗಿ ಓದಿದೆ. ಸ್ಟೇರಿಂಗಿನ ಕೆಳಗಿನ ಜಾಯಿಂಟಿನ ಬೋಲ್ಟ್ ಸಡಿಲವಾಗಿ ಕಳಚಬಹುದು. ಕಳಚಿದರೆ ಚಕ್ರಗಳು ಸ್ಟೇರಿಂಗಿನ ಮಾತು ಕೇಳುವುದಿಲ್ಲ. ಬೋಲ್ಟ್ ಬದಲಿಸುವವರೆಗೆ ದಯವಿಟ್ಟು ಗಾಡಿ ಓಡಿಸಬೇಡಿ.

"ಭಾವ, ಇದೆಂತದು?"

"ಅದಾ? ಅದು ಆಗಿದೆ ಮಾರಾಯ್ತಿ. ನಿಮ್ಗೆ ಕಾರು ಕೊಡುವ ಮೊದ್ಲೇ ತುರ್ಭೆಯ ಶೋರೂಮಿಗೆ ತಕೊಂಡು ಹೋಗಿದ್ದೆ."

"ಬೋಲ್ಟ್ ಬದಲಿಸಿದ್ರಾ?"

"ಸೈನ್ ಹಾಕಿ ಬಂದಿದ್ದೇನಲ್ಲ."

"ಸೈನ್ ಅಲ್ಲ ಭಾವ. ಬೋಲ್ಟ್?"

ಭಾವನ ಕೈಯಲ್ಲಿದ್ದ ಒದ್ದೆ ಬಟ್ಟೆ ನಿಂತಿತು. "ಎರಡು ಗಂಟೆ ಆಗ್ತದೆ, ಕೂತ್ಕೊಳ್ಳಿ ಅಂದ್ರು. ಇಲ್ಲಿ ಮಧ್ಯಾಹ್ನದ ಊಟದ ರಶ್ಶು. ಮತ್ತೆ ತರ್ತೇನೆ ಅಂದೆ. ಸರಿ, ಸೈನ್ ಹಾಕಿ ಹೋಗಿ ಅಂದ್ರು. ಹಾಕಿದೆ."

ಮತ್ತೆ ಹೋದರೇ? ಇಲ್ಲ. ಸೈನ್ ಆದ ಮೇಲೆ ಯಾರು ಹೋಗುತ್ತಾರೆ?

ಅದೇ ಹೊತ್ತಿಗೆ ಆ ಕಾರನ್ನು ನನ್ನ ಮಗಳು ನಿಧಿ ಓಡಿಸುತ್ತಿದ್ದಳು. ಪಕ್ಕದ ಸೀಟಿನಲ್ಲಿ ನನ್ನ ಅತ್ತೆ. ಹನ್ನೊಂದೂವರೆಗೆ ವಾಶಿಯಲ್ಲಿ ಅವರ ಕಣ್ಣಿನ ಡಾಕ್ಟರ ಅಪಾಯಿಂಟ್‌ಮೆಂಟ್. ದಾರಿ ಶೀಲ್ ಫಾಟಾದ ಮೇಲೆ. ಆ ದಾರಿ ಬಲ್ಲವರಿಗೆ ಹೇಳಬೇಕಾಗಿಲ್ಲ. ಎಡಕ್ಕೆ ಕಂಟೇನರ್, ಬಲಕ್ಕೆ ಟ್ಯಾಂಕರ್, ನಡುವೆ ನಮ್ಮ ಸಣ್ಣ ಕಾರು.

ನಿಧಿಗೆ ಫೋನ್ ಮಾಡಿದರೆ ಎತ್ತಿಯೇ ಎತ್ತುತ್ತಾಳೆ. ಒಂದು ಕೈ ಸ್ಟೇರಿಂಗಿನಿಂದ ತೆಗೆಯುತ್ತಾಳೆ. 'ಸ್ಟೇರಿಂಗ್' ಎಂಬ ಮಾತು ಕೇಳಿ ಬೆಚ್ಚಿ ಇನ್ನೊಂದು ಕೈಯಿಂದ ಅದನ್ನು ತಿರುಗಿಸಿಬಿಟ್ಟರೆ? ನನ್ನ ಬೆರಳು ಅವಳ ಹೆಸರಿನ ಮೇಲೆ ಎರಡು ಸಲ ಹೋಗಿ ವಾಪಸ್ ಬಂತು. ಕೊನೆಗೆ ಅತ್ತೆಗೆ ಫೋನ್ ಹಚ್ಚಿದೆ.

"ಹಲೋ, ಯಾರು?" (ಸ್ಕ್ರೀನಿನ ತುಂಬ ನನ್ನ ಫೋಟೋ ಬಂದರೂ ಅವರು ಕೇಳುವುದು ಹೀಗೇ.)

"ಅತ್ತೆ, ನಾನು ಸುಮಾ. ಎಲ್ಲಿದ್ದೀರಿ?"

"ಕಾರಲ್ಲಿ."

"ಕಾರು ಎಲ್ಲುಂಟು?"

"ರೋಡಲ್ಲಿ. ಎಂತ ಆಯ್ತು ನಿಂಗೆ?"

ನಿಜ ಹೇಳಿದರೆ ಕೂಗಿಬಿಡುತ್ತಾರೆ. ಸುಳ್ಳು ಬೇಕಿತ್ತು, ತಕ್ಷಣ ಬೇಕಿತ್ತು. "ನಿಮ್ಮ ಕಣ್ಣಿನ ಫೈಲು ಹಿಂದಿನ ಸೀಟಲ್ಲಿ ಉಂಟಾ ನೋಡ್ಬೇಕಿತ್ತು. ಸ್ವಲ್ಪ ಕಾರು ನಿಲ್ಲಿಸ್ಲಿಕ್ಕೆ ಹೇಳಿ."

"ಫೈಲು ನನ್ನ ತೊಡೆಯ ಮೇಲೆಯೇ ಉಂಟು."

ಹಿಂದಿನಿಂದ ಯಾವುದೋ ಟ್ರಕ್ಕಿನ ಹಾರ್ನ್ ಉದ್ದಕ್ಕೆ ಕೇಳಿಸಿತು. "ಹಾಗಾದ್ರೆ ಅದರಲ್ಲಿ ಡಾಕ್ಟರ ನಂಬರುಂಟು, ಓದಿ ಹೇಳಿ."

"ಓದ್ಲಿಕ್ಕೆ ಕಣ್ಣು ಕಾಣ್ತಿದ್ರೆ ಕಣ್ಣಿನ ಡಾಕ್ಟ್ರ ಹತ್ರ ಯಾಕೆ ಹೋಗ್ತಿದ್ದೆ ಮಾರಾಯ್ತಿ?"

"ನಿಧಿ ಓದ್ಲಿ ಅತ್ತೆ. ಓಡಿಸ್ತಾ ಬೇಡ. ಪೆಟ್ರೋಲ್ ಪಂಪ್ ಸಿಕ್ಕಿದ ಕೂಡ್ಲೆ ಒಳಗೆ ನಿಲ್ಲಿಸ್ಲಿ. ನೀವು ಫೋನ್ ಇಡ್ಬೇಡಿ."

ಅವರು ಇಡಲಿಲ್ಲ. ನಾನು ಕೋಪರಿಯ ಹೋಟೆಲಿನಲ್ಲಿ ನಿಂತು ಆ ಕಾರಿನೊಳಗಿನ ಒಂದೊಂದು ಸದ್ದನ್ನೂ ಕೇಳುತ್ತಿದ್ದೆ. ಬ್ರೇಕು. ಮತ್ತೆ ಗೇರು. ಅತ್ತೆ ನಿಧಿಗೆ "ನಿನ್ನ ಅಮ್ಮನಿಗೆ ಮರ್ಲು" ಎಂದದ್ದು. ನನ್ನ ಎದುರಿನ ಟೇಬಲಿನಲ್ಲಿ ಯಾರೋ ಇಡ್ಲಿಗೆ ಇನ್ನಷ್ಟು ಸಾಂಬಾರು ಕೇಳುತ್ತಿದ್ದರು. ಭಾವ ಎದ್ದು ಬಂದು ನನ್ನ ಪಕ್ಕ ನಿಂತಿದ್ದರು, ಬಿಲ್ಲು ಕೊಡಲು ಬಂದವರನ್ನು ನೋಡಲಿಲ್ಲ. ಎರಡು ನಿಮಿಷವೋ, ಹತ್ತು ನಿಮಿಷವೋ. ಇಂಡಿಕೇಟರಿನ ಟಿಕ್ ಟಿಕ್ ಕೇಳಿಸಿತು. ಆಮೇಲೆ ತಿರುಗುವಾಗ ಏನೋ ಟಕ್ ಎಂದಿತು. ಇಂಜಿನ್ ನಿಂತಿತು.

"ಮಮ್ಮಾ, ಕ್ಯಾ ಹುವಾ?" ನಿಧಿಯ ದನಿ. (ನಾನು ಕನ್ನಡದಲ್ಲಿ ಕೇಳುವುದು, ಅವಳು ಹಿಂದಿಯಲ್ಲಿ ಹೇಳುವುದು. ಇದೂ ನಮ್ಮ ಮನೆಯ ಕಾನೂನೇ.)

"ಕೀ ತೆಗಿ. ಇಳಿ. ಅಜ್ಜಿಯನ್ನೂ ಇಳಿಸು," ಎಂದವಳು ಅಲ್ಲಿದ್ದ ಕುರ್ಚಿಯ ಮೇಲೆ ಕೂತುಬಿಟ್ಟೆ. ನನಗೆ ಅಳು ಬಂತು. ನಾಚಿಕೆ ಏನು ಬಂತು, ಜೋರಾಗಿಯೇ ಅತ್ತುಬಿಟ್ಟೆ.

ವಿಷಯ ಕೇಳಿದ ಮೇಲೆ ನಿಧಿ ಹೇಳಿದ್ದು ಇನ್ನೂ ಚಂದ. "ಸ್ಟೇರಿಂಗ್? ಉಸ್ ಮೇ ತೋ ಕಬ್ ಸೇ ಆವಾಜ್ ಆ ರಹಾ ಹೈ. ಪಪ್ಪಾ ಕೋ ಬೋಲಾ ಥಾ."

ಸ್ಟೇರಿಂಗಿನಲ್ಲಿ ಸದ್ದು ಬರುತ್ತಿದೆ ಎಂದಾಗ ಪಪ್ಪಾ ಏನೆಂದಿದ್ದರು? "ಅದು ಕಾರಿನ ಶಬ್ದ ಅಲ್ಲ, ರೋಡಿನ ಶಬ್ದ." ಕಲ್ಯಾಣ, ಡೊಂಬಿವಲಿಯ ನಮಗೆಲ್ಲ ಇದೊಂದು ರೋಗ. ಕಾರಿನಲ್ಲಿ ಏನು ಸದ್ದಾದರೂ ರಸ್ತೆಯ ಖಡ್ಡಾದ ತಲೆಗೆ ಕಟ್ಟಿ ನಿಶ್ಚಿಂತರಾಗುತ್ತೇವೆ. ಇಷ್ಟು ಗುಂಡಿಗಳ ಊರಿನಲ್ಲಿ ಒಂದು ಬೋಲ್ಟ್ ಅಷ್ಟು ದಿನದಿಂದ ಟಕ್ ಟಕ್ ಎಂದು ಬಾಗಿಲು ಬಡಿದರೆ ಯಾರಿಗೆ ಕೇಳಬೇಕು?

ಕಾರನ್ನು ಟೋಯಿಂಗ್ ಗಾಡಿಯ ಮೇಲೆ ಹತ್ತಿಸಿ, ನಿಧಿ ಮತ್ತು ಅತ್ತೆ ಹಿಂದಿನಿಂದ ರಿಕ್ಷಾದಲ್ಲಿ ತುರ್ಭೆಯ ಶೋರೂಮಿಗೆ ಬಂದರು. ನಾನು ಠಾಣೆಯಿಂದ ಟ್ರೈನಿನಲ್ಲಿ ಹೋದೆ. ಗೇಟಿನಲ್ಲೇ ಯೂನಿಫಾರ್ಮಿನ ಹುಡುಗಿಯೊಬ್ಬಳು ಟ್ಯಾಬ್ ಹಿಡಿದು ನಿಂತಿದ್ದಳು. "ಮ್ಯಾಡಮ್, ಎಂಟ್ರಿಗೆ ಸೈನ್," ಎಂದಳು ಹಿಂದಿಯಲ್ಲಿ. ಕಾರಿನ್ನೂ ಟೋಯಿಂಗ್ ಗಾಡಿಯಿಂದ ಇಳಿದಿರಲಿಲ್ಲ. ನನ್ನ ಕಣ್ಣು ಆ ಕಡೆ ಗೋಡೆಯ ನೆರಳಲ್ಲಿ ಕೂತಿದ್ದ ಅತ್ತೆಯ ಮೇಲಿತ್ತು. ಬೆರಳಿನಿಂದ ಗೀಚಿ ಒಳಗೆ ಓಡಿದೆ.

ಒಳಗೆ ಎಸಿ, ಕಾಫಿ ಮಶೀನು, ನಗುವ ಸರ್ವಿಸ್ ಅಡ್ವೈಸರ್. ಕಾರಿನ ನಂಬರು ಒತ್ತಿ, ಸ್ಕ್ರೀನನ್ನು ನಮ್ಮ ಕಡೆ ತಿರುಗಿಸಿದ. "ಮ್ಯಾಡಮ್, ರೀಕಾಲ್ ತೋ ಕ್ಲೋಸ್ಡ್ ಹೈ. ಕಾಮ್ ಹೋ ಚುಕಾ ಹೈ."

"ಆಗಿಲ್ಲ. ಕಾರು ತಂದವರೇ ಹೇಳಿದ್ದಾರೆ, ಎರಡು ಗಂಟೆ ಕಾಯಲಾಗದೆ ವಾಪಸ್ ಹೋದೆ ಅಂತ."

"ಕಸ್ಟಮರ್ ಕಾ ಸೈನ್ ಹೈ ನಾ," ಎಂದು ಭಾವನ ಸಹಿಯನ್ನು ದೊಡ್ಡದು ಮಾಡಿ ತೋರಿಸಿದ. ಹೌದು, ಭಾವನದೇ. ಮದುವೆ ಮನೆಯ ಉಡುಗೊರೆ ಕವರಿನ ಮೇಲೆ ನೋಡಿ ನೋಡಿ ನನಗೆ ಪರಿಚಯವಿದ್ದ ಸಹಿ. ಮುಗಿದ ಕೆಲಸವನ್ನು ಸಿಸ್ಟಮ್ ಮತ್ತೆ ತೆರೆಯಲು ಬಿಡುವುದಿಲ್ಲವಂತೆ. ಕಾರು ಸುರಕ್ಷಿತ, ಓಡಿಸಿಕೊಂಡೇ ಮನೆಗೆ ಹೋಗಬಹುದಂತೆ.

ಒಂದು ಕ್ಷಣ ನಾನು ಅವನನ್ನು ನಂಬಿಬಿಟ್ಟೆ, ಸುಳ್ಳು ಯಾಕೆ ಹೇಳಲಿ. ಅಷ್ಟು ದೊಡ್ಡ ಸ್ಕ್ರೀನು, ಅಷ್ಟು ಹಸಿರು ಟಿಕ್ ಮಾರ್ಕು. ಭಾವನಿಗೇ ಮರೆತಿರಬಹುದಲ್ಲವೇ?

ನಂಬದಿದ್ದವಳು ನಿಧಿ. ಕಾರಿನ ಕೀಯನ್ನು ಅವನ ಮೇಜಿನ ಮೇಲಿಟ್ಟಳು. "ತೋ ಆಪ್ ಚಲಾಯಿಯೇ. ಶೀಲ್ ಫಾಟಾ ತಕ್. ಮೈ ಬಗಲ್ ಮೇ ಬೈಠತೀ ಹೂಂ."

ನೀವೇ ಓಡಿಸಿ, ಪಕ್ಕದಲ್ಲಿ ನಾನು ಕೂರುತ್ತೇನೆ ಎಂಬ ಸವಾಲು. ಅವನು ಕೀ ನೋಡಿದ. ಕೈ ಮುಂದೆ ಬರಲಿಲ್ಲ.

ಆಗ ಕೆಲಸ ಮಾಡಿಕೊಟ್ಟದ್ದು ಅತ್ತೆ. ಹೊರಗಿನಿಂದ ಒಳಗೆ ಬಂದವರೇ ನನ್ನೊಡನೆ ಗಟ್ಟಿಯಾಗಿ ಕನ್ನಡದಲ್ಲಿ, "ಇವರಿಗೆ ಕಾರಿನ ಕೆಳಗೆ ಬಗ್ಗಿ ನೋಡ್ಲಿಕ್ಕೆ ಎಂತ ಸೊಂಟ ನೋವಾ?" ಎಂದು ಕೇಳಿದರು. ವರ್ಕ್‌ಶಾಪಿನ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ಮೆಕ್ಯಾನಿಕ್ ತಿರುಗಿ ನೋಡಿದ. ಐವತ್ತರ ಆಸುಪಾಸು, ವಿಜಯಪುರದ ಕಡೆಯವನು, ಹೆಸರು ಮಲ್ಲಪ್ಪ.

"ಕನ್ನಡದವ್ರೇನ್ರಿ ಅಕ್ಕಾರ? ಬರ್ರಿ, ನೋಡೇ ಬಿಡೂಣಂತ."

ಅಡ್ವೈಸರ್ ಏನೋ ಹೇಳಹೋದ. ಮಲ್ಲಪ್ಪ ಅವನ ಕಡೆ ನೋಡದೆ ಕಾರನ್ನು ಲಿಫ್ಟಿಗೆ ತಳ್ಳಿಸಿ ಮೇಲಕ್ಕೆತ್ತಿಸಿದ. ಟಾರ್ಚ್ ಹಿಡಿದು ನನ್ನನ್ನು ಕೆಳಗೆ ಕರೆದ.

"ಹೊಸಾ ಬೋಲ್ಟ್ ಹಾಕಿ ಬಿಗಿ ಮಾಡಿದ ಮ್ಯಾಲೆ ಅದರ ತಲಿ ಮ್ಯಾಲೆ ಹಳದಿ ಪೇಂಟಿನ ಚುಕ್ಕಿ ಇಡ್ತೇವ್ರಿ. ಕಂಪ್ಯೂಟರದಾಗ ಏನರ ಬರೀಲಿ, ಚುಕ್ಕಿ ಇಲ್ಲಂದ್ರ ಕೆಲಸಾ ಆಗಿಲ್ಲ. ಇಲ್ಲಿ ನೋಡ್ರಿ."

ನೋಡಿದೆ. ಚುಕ್ಕೆ ಇರಲಿಲ್ಲ. ಮಣ್ಣು ಮೆತ್ತಿದ ಹಳೆಯ ಬೋಲ್ಟ್. ಮಲ್ಲಪ್ಪ ಸ್ಪ್ಯಾನರ್ ತೆಗೆದುಕೊಳ್ಳಲಿಲ್ಲ. ಎರಡೇ ಬೆರಳಲ್ಲಿ ಅದನ್ನು ಹಿಡಿದು ತಿರುಗಿಸಿದ. ತಿರುಗಿತು.

"ಇನ್ನೊಂದು ನಾಕು ದಿನ ಅಷ್ಟ ಇತ್ತರೀ ಇದರ ಆಯುಷ್ಯ," ಎಂದ. ನನ್ನ ಹಿಂದೆ ನಿಂತಿದ್ದ ಅಡ್ವೈಸರ್‌ನ ನಗು ಮೊದಲ ಸಲ ಇಳಿದಿತ್ತು. ಮುಗಿದ ಕೆಲಸವನ್ನು ಸಿಸ್ಟಮ್ ಐದೇ ನಿಮಿಷದಲ್ಲಿ ತೆರೆಯಲು ಬಿಟ್ಟಿತು.

ಬೋಲ್ಟ್ ತರಿಸುವಷ್ಟರಲ್ಲಿ ನಾನು ಹೊರಗೆ ಹೋಗಿ ಭಾವನಿಗೆ ಫೋನ್ ಮಾಡಿದೆ. ಹೇಳಬಾರದ್ದನ್ನೆಲ್ಲ ಹೇಳಿದೆ. "ಓದದೆ ಸೈನ್ ಹಾಕುವವರು ಹೋಟೆಲ್ ಮಾತ್ರ ನಡೆಸಿ, ಬೇರೆಯವರ ಮಕ್ಕಳನ್ನು ಕೊಲ್ಲಬೇಡಿ," ಎಂದೂ ಹೇಳಿದೆ. ಈ ಊರಿಗೆ ಹೊಸದಾಗಿ ಬಂದಾಗ ಲೋಕಲ್ ಹತ್ತಲು ಹೆದರುತ್ತಿದ್ದ ನನ್ನನ್ನು ಒಂದು ವಾರ ಜೊತೆಯಲ್ಲಿ ನಿಂತು ಹತ್ತಿಸಿ ಕಲಿಸಿದ ಮನುಷ್ಯ ಅವರು. ಅವರೊಡನೆ ನಾನು ಇಷ್ಟು ವರ್ಷದಲ್ಲಿ ದನಿ ಏರಿಸಿದ್ದಿಲ್ಲ.

"ತಪ್ಪಾಯ್ತು ಮಾರಾಯ್ತಿ," ಎಂದರು ಅಷ್ಟೇ.

ಹಾಗೆ ನೋಡಿದರೆ, ಶೋರೂಮಿನವರಿಗೆ ಬೇಕಾಗಿದ್ದದ್ದು ಬೋಲ್ಟ್ ಅಲ್ಲ, ಕ್ಲೋಸ್ ಆದ ಫೈಲು. ಭಾವನಿಗೆ ಬೇಕಾಗಿದ್ದದ್ದೂ ಬೋಲ್ಟ್ ಅಲ್ಲ, ಊಟದ ಹೊತ್ತಿಗೆ ಕೋಪರಿ. ಇಬ್ಬರಿಗೂ ಒಂದು ಸಹಿಯಲ್ಲಿ ಕೆಲಸವಾಯಿತು. ನಮ್ಮ ಸೊಸೈಟಿಯ ಲಿಫ್ಟಿನ ಸರ್ವಿಸ್ ಬುಕ್ಕಿನಲ್ಲಿ ವಾಚ್‌ಮನ್ ಸೈನ್ ಹಾಕುತ್ತಾನೆ, ಅವನೇ ಮೆಟ್ಟಿಲು ಹತ್ತಿ ಹೋಗುತ್ತಾನೆ. ಕೇಳಿದರೆ ನಗುತ್ತಾನೆ. ಮಾಡಿದ ಕೆಲಸಕ್ಕೆ ಸಾಕ್ಷಿಯಾಗಿರಬೇಕಾದ ಸಹಿ ಮಾಡದ ಕೆಲಸಕ್ಕೆ ಮುಚ್ಚಳವಾದದ್ದು ಯಾವಾಗ?

ಎರಡೂವರೆಗೆ ಶುರುವಾದ ಕೆಲಸ ನಾಲ್ಕೂವರೆಗೆ ಮುಗಿಯಿತು. ಮಲ್ಲಪ್ಪ ಸಣ್ಣ ಬ್ರಶ್ಶಿನಿಂದ ಹಳದಿ ಚುಕ್ಕೆ ಇಟ್ಟ. ಅತ್ತೆ ತಮಗೆ ಕಾಣದಿದ್ದರೂ ಬಗ್ಗಿ ನೋಡಿ "ಹೂಂ" ಎಂದರು. ಅಪಾಯಿಂಟ್‌ಮೆಂಟ್ ತಪ್ಪಿತ್ತು, ಕಣ್ಣು ಹಾಗೇ ಇತ್ತು, ಆದರೆ ನಾವು ಮೂವರೂ ಇದ್ದೆವು. ವಾಪಸ್ ಬರುವಾಗ ನಿಧಿ ಓಡಿಸಿದಳು. ಶೀಲ್ ಫಾಟಾದ ಗುಂಡಿಗಳಲ್ಲಿ ಕಾರು ಕುಣಿಯಿತು. ಟಕ್ ಎನ್ನಲಿಲ್ಲ.

ಮನೆ ತಲುಪಿದಾಗ ಅಕ್ಕನ ಫೋನ್. "ಭಾವನಿಗೆ ಎಂತ ಹೇಳಿದೆ ಸುಮಾ? ಮಧ್ಯಾಹ್ನ ಊಟ ಮಾಡ್ಲಿಲ್ಲ. ಚಕ್ಕುಲಿ ಡಬ್ಬ ಎದುರಿಟ್ಕೊಂಡು ಸುಮ್ನೆ ಕೂತಿದ್ದಾರೆ." ನಾನು ಬಿಗಿಯಾಗಿಯೇ ಇದ್ದೆ. ಕೂತಿರಲಿ, ಬುದ್ಧಿ ಬರಲಿ ಎಂದೆ.

ಚಹಾ ಕುಡಿಯುತ್ತಿದ್ದಾಗ ವಾಟ್ಸಾಪಿನಲ್ಲಿ ಶೋರೂಮಿನಿಂದ ಪಿಡಿಎಫ್ ಬಂತು. ಅವತ್ತಿನ ಜಾಬ್ ಕಾರ್ಡು. ಈಗ ಬುದ್ಧಿವಂತಳಾಗಿದ್ದೆನಲ್ಲ, ಕನ್ನಡಕ ಹಾಕಿ ಕೊನೆಯವರೆಗೆ ಓದಿದೆ. 'ರೀಕಾಲ್ ಕೆಲಸ ಪೂರ್ಣಗೊಂಡಿದೆ. ಗ್ರಾಹಕರು ಸ್ವತಃ ಪರಿಶೀಲಿಸಿ ತೃಪ್ತಿ ವ್ಯಕ್ತಪಡಿಸಿದ್ದಾರೆ' ಎಂಬ ಅರ್ಥದ ಇಂಗ್ಲಿಷ್ ಸಾಲು. ಅದರ ಕೆಳಗೆ ಬೆರಳಿನಲ್ಲಿ ಗೀಚಿದ ನನ್ನ ಸಹಿ. ಸಹಿಯ ಪಕ್ಕದಲ್ಲಿ ಸಮಯ: ಮಧ್ಯಾಹ್ನ ಹನ್ನೆರಡು ಹತ್ತು.

ಕಾರು ಆಗಿನ್ನೂ ಟೋಯಿಂಗ್ ಗಾಡಿಯ ಮೇಲಿತ್ತು.

ಭಾವನಿಗೆ ಬೈದದ್ದನ್ನು ವಾಪಸ್ ತೆಗೆದುಕೊಳ್ಳಲು ಎಲ್ಲಿ ಸೈನ್ ಹಾಕಬೇಕು?