ಬರೆಯದ ಬೇರಿಂಗ್ ಕಾಗದ

ಆ ವರ್ಷಗಳಲ್ಲಿ ಜೀಪಿನ ಸದ್ದು ಕೇಳಿದರೆ ನಾನು ಕೈಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ಬಿಂಡಿಗನವಿಲೆಯಲ್ಲಿ ಬಸ್ಸಿಳಿದು ಒಳಗೆ ನಡೆಯಬೇಕಾದ ನಮ್ಮೂರಿಗೆ ಜೀಪು ಬರುವುದೇ ಅಪರೂಪ. ಬಂದರೆ ಒಂದೋ ಓಟು ಕೇಳಲು, ಇಲ್ಲವೇ ನನ್ನ ಪೋಸ್ಟಾಫೀಸು ಮುಚ್ಚಲು ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ನನ್ನ ಪೋಸ್ಟಾಫೀಸು ಎಂದರೆ ಗಂಡನ ಮನೆಯ ಮುಂದಿನ ಕೋಣೆ. ಒಂದು ಮೇಜು, ತಕ್ಕಡಿ, ಮುದ್ರೆ, ಹೊರಗೋಡೆಯಲ್ಲಿ ಕೆಂಪು ಡಬ್ಬ. ಹಳ್ಳಿಯ ಬ್ರಾಂಚ್ ಆಫೀಸಿಗೆ ಜಾಗವನ್ನು ಪೋಸ್ಟ್‌ಮಾಸ್ಟರೇ ಒದಗಿಸಬೇಕು, ಅದು ಆಗಿನ ಪದ್ಧತಿ. ಗಂಡ ತೀರಿಕೊಂಡ ಮೇಲೆ ಎಸ್ಸೆಸ್ಸೆಲ್ಸಿ ಪಾಸಾಗಿದ್ದ ನನಗೆ ಆ ಕೆಲಸ ಸಿಕ್ಕಿತು, ಭಾವ ಕೋಣೆ ಬಿಟ್ಟುಕೊಟ್ಟರು. ಕೆಲಸ ಇರುವ ತನಕ ಕೋಣೆ ನನ್ನದು, ನನ್ನ ಮಗಳದ್ದು. ಕೆಲಸ ಹೋದರೆ ಅಲ್ಲಿ ಗೊಬ್ಬರದ ಅಂಗಡಿ ಇಡುವ ಆಸೆ ಭಾವನಿಗಿತ್ತು, ಅದನ್ನವರು ಮುಚ್ಚಿಟ್ಟವರೂ ಅಲ್ಲ. ಆಮೇಲೆ ನಾವಿಬ್ಬರೂ ಅಡುಗೆಮನೆಯ ಮೂಲೆಯಲ್ಲಿ ಅವರಿವರ ಮುಖ ನೋಡಿಕೊಂಡು ಬದುಕಬೇಕಿತ್ತು.

ನಮ್ಮಂಥ ಹಳ್ಳಿ ಪೋಸ್ಟ್‌ಮಾಸ್ಟರುಗಳ ಸಭೆಯೊಂದನ್ನು ಶ್ರೀರಂಗಪಟ್ಟಣದ ಛತ್ರದಲ್ಲಿ ಕರೆದಿದ್ದರು. ನಾಗಮಂಗಲ, ಪಾಂಡವಪುರ ದಾಟಿ ಹೋಗಿ ಕೂತೆ. ಅಲ್ಲೊಬ್ಬ ಮುಖಂಡರು, ಕೊರಿಯರಿನವರು ಪಟ್ಟಣದ ದುಡ್ಡಿನ ಟಪಾಲನ್ನೆಲ್ಲ ಬಾಚಿಕೊಂಡು ಹೋಗುತ್ತಾರೆ, ನಮಗೆ ಹಳ್ಳಿಯ ಕಾರ್ಡು ಮಾತ್ರ ಉಳಿಯುತ್ತೆ, ಆಮೇಲೆ ಡೆಲ್ಲಿಯವರು ನಷ್ಟ ನಷ್ಟ ಎಂದು ಒಂದೊಂದೇ ಆಫೀಸಿಗೆ ಬೀಗ ಜಡಿಯುತ್ತಾರೆ ಎಂದರು. ಘೋಷಣೆ ಕೂಗಿದೆವು. ಸಂಜೆ ಎರಡು ರಾಜಕೀಯ ಪಕ್ಷದವರಿಗೂ ಮನವಿ ಕೊಟ್ಟೆವು. ಒಬ್ಬರು ಅದನ್ನು ಮಡಚಿ, ಸೆಖೆಗೆ ಗಾಳಿ ಬೀಸಿಕೊಳ್ಳುತ್ತಲೇ ನಮ್ಮ ಮಾತು ಕೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಬೀಗದ ಮಾತೊಂದೇ ತಲೆಯಲ್ಲಿತ್ತು.

ಬೇಸಿಗೆ ಮುಗಿಯುವ ಹೊತ್ತಿಗೆ ಪೋಸ್ಟಾಫೀಸಿನ ಇನ್ಸ್‌ಪೆಕ್ಟರು ಬಂದು, ಒಂದು ವಾರ ಬರುವ ಹೋಗುವ ಟಪಾಲನ್ನೆಲ್ಲ ಎಣಿಸಿಡಿ, ಕೊನೆಯ ದಿನ ನಾನೇ ಬಂದು ನೋಡುತ್ತೇನೆ ಎಂದರು. ಎಣಿಸಿ ಏನು ಮಾಡ್ತೀರಿ ಸಾರ್ ಎಂದೆ. ಅವರು ತಕ್ಕಡಿ ನೋಡುತ್ತಾ, "ಮೇಲಿನವರು ಕೇಳಿದ್ದಾರಮ್ಮ" ಅಂದರು. ಅವರು ಹೋದ ಮೇಲೆ ಆವತ್ತಿನ ಕಾರ್ಡುಗಳನ್ನು ಎರಡೆರಡು ಸಲ ಎಣಿಸಿದೆ.

ಊರಿಗೆಲ್ಲ ಸುದ್ದಿ ಹಬ್ಬಿತು. ಮುದುಕಿಯರ ಪೆನ್ಷನ್ ಮನಿಯಾರ್ಡರು ಬರುತ್ತಿದ್ದುದು ನನ್ನ ಕೈಗೇ. ಆಫೀಸು ಹೋದರೆ ಅವರು ನಾಗಮಂಗಲದ ತನಕ ಅಲೆಯಬೇಕು. ಅರಳಿಕಟ್ಟೆಯಲ್ಲಿ ಗಂಡಸರು ಸೇರಿದರು. ಏನು ಮಾತಾಡಿದರೋ ನನಗೆ ಹೇಳಲಿಲ್ಲ. ನಮ್ಮೂರಲ್ಲಿ ಹೆಂಗಸರ ಕೆಲಸ ಉಳಿಸುವ ಯೋಚನೆಯನ್ನೂ ಹೆಂಗಸರಿಗೆ ತಿಳಿಸದೆಯೇ ಮಾಡುತ್ತಾರೆ.

ಎಣಿಕೆಯ ಮೊದಲ ದಿನ ಡಬ್ಬ ತೆಗೆದರೆ ಕಾಗದ ದುಬುದುಬು ಸುರಿದವು. ನೋಟ್‌ಬುಕ್ಕಿನ ಹಾಳೆ ಮಡಚಿ ಗಂಜಿ ಹಚ್ಚಿ ಮಾಡಿದ ಕವರುಗಳು. ಒಂದಕ್ಕೂ ಸ್ಟಾಂಪಿಲ್ಲ. ವಿಳಾಸವೆಲ್ಲ ಒಬ್ಬರದೇ ದುಂಡಗಿನ ಅಕ್ಷರ, ನಮ್ಮ ಭಾವನದು.

ಸ್ಟಾಂಪಿಲ್ಲದ ಕಾಗದಕ್ಕೆ ಬೇರಿಂಗ್ ಅನ್ನುತ್ತಿದ್ದೆವು. ಅದನ್ನು ಬಿಡಿಸಿಕೊಳ್ಳುವವರು ಎರಡರಷ್ಟು ದುಡ್ಡು ಕೊಡಬೇಕು. ಆ ವಸೂಲಿಗಾದರೂ ಪೋಸ್ಟ್‌ಮ್ಯಾನ್ ತಪ್ಪದೆ ಮುಟ್ಟಿಸುತ್ತಾನೆ ಎಂದು ನಮ್ಮ ಕಡೆ ಕಾಯಿಲೆ ಕಸಾಲೆ, ಸಾವು ನೋವಿನ ಸುದ್ದಿಯನ್ನು ಬೇರಿಂಗ್ ಹಾಕುವ ರೂಢಿಯಿತ್ತು.

ಸ್ಟಾಂಪಿನ ದುಡ್ಡು ಬರದಂತೆ ಮಾಡಿ ಆಫೀಸು ಮುಳುಗಿಸಲೆಂದೇ ಹಾಕಿದರೇ? ಸೀದಾ ಹಿತ್ತಿಲಿಗೆ ಹೋಗಿ ಕೇಳಿಬಿಟ್ಟೆ. ಭಾವ ಹುಲ್ಲಿನ ಹೊರೆ ಇಳಿಸಿ ಬೆಪ್ಪಾಗಿ ನಿಂತರು.

"ಡಬ್ಬಲ್ ದುಡ್ಡು ಬತ್ತದಲ್ಲವ್ವ ನಿನ್ ಆಫೀಸ್ಗೆ. ಅದ್ಕೇ ಎಲ್ರಿಗೂ ಯೋಳ್ದೆ."

"ಆ ದುಡ್ಡು ಕಾಗದ ಬಿಡಿಸ್ಕೊಳ್ಳೋ ಊರಿನ ಲೆಕ್ಕಕ್ಕೆ ಹೋಗ್ತದೆ ಭಾವ. ನಂಗೆ ಬಿಡಿಗಾಸೂ ಬರಲ್ಲ."

ಅವರು ತಲೆ ಕೆರೆದುಕೊಂಡರು. "ಅಂಗಾದ್ರೆ ವಾಪಸ್ ಕೊಟ್ಬುಡು."

ಡಬ್ಬಕ್ಕೆ ಬಿದ್ದ ಕಾಗದ ಅಷ್ಟು ಸುಲಭಕ್ಕೆ ವಾಪಸು ಕೊಡುವಂತಿಲ್ಲ. ಒಂದನ್ನು ಮುಚ್ಚಿಟ್ಟರೂ ನನ್ನ ಕುತ್ತಿಗೆಗೇ ಬರುತ್ತಿತ್ತು. ಎಲ್ಲಕ್ಕೂ ಮುದ್ರೆ ಒತ್ತಿ ಚೀಲಕ್ಕೆ ತುಂಬಿ ಕಳಿಸಿದೆ. ಕೆ.ಆರ್. ಪೇಟೆ ಕಡೆಗೆ, ಪಾಂಡವಪುರಕ್ಕೆ, ಶ್ರೀರಂಗಪಟ್ಟಣಕ್ಕೆ, ಊರಿನ ಹೆಣ್ಣುಮಕ್ಕಳನ್ನು ಎಲ್ಲೆಲ್ಲಿಗೆ ಕೊಟ್ಟಿದ್ದರೋ ಅಲ್ಲಿಗೆಲ್ಲ ಅವು ಹೋದವು.

ಕೊನೆಯ ದಿನ ಇನ್ಸ್‌ಪೆಕ್ಟರು ನನ್ನ ಮೇಜಿನ ಮುಂದೆ ಕೂತು ಎಣಿಕೆ ನೋಡುತ್ತಿದ್ದರು. ಜಗಲಿಯ ಮೇಲೆ ಎದುರುಮನೆಯ ಗೌಡರು ಕೂತಿದ್ದರು. ಅವರನ್ನು ನಾನು ದೊಡ್ಡಯ್ಯ ಎನ್ನುತ್ತಿದ್ದೆ. ನನಗಿಂತ ಜಾಸ್ತಿ ಅವರೇ ಬೆವರುತ್ತಿದ್ದರು. ಆಗ ಬೀದಿಯಲ್ಲಿ ಗೋಳಾಡುತ್ತಾ ಒಬ್ಬಳು ಓಡಿ ಬಂದಳು. ಕೆ.ಆರ್. ಪೇಟೆ ಕಡೆಯ ಶೀಳನೆರೆಗೆ ಕೊಟ್ಟಿದ್ದ ದೊಡ್ಡಯ್ಯನ ಮಗಳು. ತಲೆಗೂದಲು ಬಿಚ್ಚಿಹೋಗಿತ್ತು. ಅಪ್ಪ ಜಗಲಿಯ ಮೇಲೆ ಕೂತಿದ್ದನ್ನು ನೋಡಿ ಅಲ್ಲೇ ಕುಸಿದಳು.

"ಬದುಕಿದ್ದೀಯಾ ಅಪ್ಪೋ" ಎಂದು ಅತ್ತಳು. ಕೈಯಲ್ಲಿ ಒಂದು ಹಾಳೆ ಮುದುರಿತ್ತು. ಇನ್ಸ್‌ಪೆಕ್ಟರು ಕೇಳಿ ಪಡೆದು ಬಿಡಿಸಿದರು. ಆ ಕಡೆ ಈ ಕಡೆ ತಿರುಗಿಸಿದರು. ಒಂದಕ್ಷರವೂ ಇರಲಿಲ್ಲ.

"ಲೆಕ್ಕಕ್ಕೆ ತಾನೆ ಸ್ವಾಮಿ" ಎಂದರು ದೊಡ್ಡಯ್ಯ ಸಣ್ಣ ದನಿಯಲ್ಲಿ. "ಬರ್ಯಕೇನೈತೆ ಅಂತ ಅಂಗೇ ಮಡಗಿದ್ವಿ."

ಬೇರಿಂಗ್ ಕಾಗದ, ತವರಿನದು, ಒಳಗೆ ಖಾಲಿ. ಬರೆಯಲು ಕೈ ಬಾರದಂಥದ್ದೇನೋ ನಡೆದಿದೆ ಎಂದು ಆ ಹುಡುಗಿ ದಾರಿಯುದ್ದಕ್ಕೂ ಏನೇನು ಕಲ್ಪಿಸಿಕೊಂಡಳೋ. ನನಗಂತೂ ಆ ಗಳಿಗೆಯಲ್ಲಿ ಅವಳ ಸಂಕಟಕ್ಕಿಂತ ನನ್ನ ಭಯವೇ ದೊಡ್ಡದಾಗಿತ್ತು. ಸುಳ್ಳು ಟಪಾಲು ಎಂದು ಇನ್ಸ್‌ಪೆಕ್ಟರು ಬರೆದರೆ ಆಫೀಸಷ್ಟೇ ಅಲ್ಲ, ನನ್ನ ಮರ್ಯಾದೆಯೂ ಹೋಗುತ್ತಿತ್ತು. ನನಗೆ ಒಳಗಿರುವುದು ಗೊತ್ತಿರಲಿಲ್ಲ ಸಾರ್ ಎಂದಷ್ಟೇ ಹೇಳಲಾಯಿತು.

ಅವರು ಬೇರಿಂಗ್ ಕಾಗದಗಳನ್ನೆಲ್ಲ ಎಣಿಕೆಯಿಂದ ಹೊಡೆದು ಹಾಕಿದರು. ಮನಿಯಾರ್ಡರುಗಳ ಪುಟ ತೆಗೆದು ಬಹಳ ಹೊತ್ತು ನೋಡಿದರು. ಏನು ಬರೆದುಕೊಂಡು ಹೋದರೋ ತಿಳಿಯಲಿಲ್ಲ. ಮಳೆಗಾಲವೆಲ್ಲ ನಾನು ಸರಿಯಾಗಿ ಉಂಡವಳಲ್ಲ. ಕೊನೆಗೆ, ಸದ್ಯಕ್ಕೆ ಮುಂದುವರಿಸಬಹುದು ಎಂದು ಆದೇಶ ಬಂತು. ಸದ್ಯಕ್ಕೆ ಅನ್ನುವ ಆ ಮಾತನ್ನು ನಾನು ಎಷ್ಟು ಸಲ ಓದಿದೆನೋ. ಊರಿನವರು ಮಾತ್ರ ಗೆದ್ದೆವೆಂದು ಬೀಗಿದರು. ಖಾಲಿ ಕಾಗದದ ಕತೆ ನಂಟರ ಊರುಗಳಲ್ಲೆಲ್ಲ ನಗೆಯಾಯಿತು.

ಮುಂದಿನ ಚಳಿಗಾಲದಲ್ಲಿ ದೊಡ್ಡಯ್ಯನಿಗೆ ಜ್ವರ ಹಿಡಿಯಿತು. ಅಂಥದ್ದೇನಿಲ್ಲ ಅಂದುಕೊಂಡೆವು. ಮಗಳನ್ನು ನೋಡಬೇಕೆಂದರು. ಅವರ ಹೆಂಡತಿ ನನ್ನ ಹತ್ತಿರ ಕಾಗದ ಬರೆಸಿಕೊಂಡರು. ಅಪ್ಪನಿಗೆ ಹುಷಾರಿಲ್ಲ, ನಿನ್ನನ್ನೇ ಕೇಳುತ್ತಾರೆ, ಬಂದು ಹೋಗು. ಸ್ಟಾಂಪು ಹಚ್ಚಲು ಹೋದರೆ ಕೈ ಹಿಡಿದರು.

"ಬ್ಯಾಡ ಕಣವ್ವ, ಬೇರಿಂಗಾದ್ರೆ ತಪ್ದೆ ಸೇರ್ತದೆ."

ಬೇಡ ದೊಡ್ಡವ್ವ, ಹೋದ ಸಲದ್ದು ಮರೆತಿರಾ ಎಂದೆ. ಕೇಳಲಿಲ್ಲ. ಹೊರಗೆ ಹೋಗಿ ತಾವೇ ಡಬ್ಬಕ್ಕೆ ಹಾಕಿದರು.

ಮಗಳು ಬರಲಿಲ್ಲ. ಕೋಪ ಮಾಡಿಕೊಂಡಿದ್ದಾಳೆ ಎಂದು ಮನೆಯವರು ಸುಮ್ಮನಾದರು. ಜ್ವರ ಎದೆಗಿಳಿಯಿತು. ದೊಡ್ಡಯ್ಯ ಬಸ್ಸಿನ ಹೊತ್ತಿಗೆ ಬಾಗಿಲ ಕಡೆ ಮುಖ ಮಾಡಿ ಮಲಗುತ್ತಿದ್ದರು. ಒಂದು ದಿನ ಟಪಾಲು ಚೀಲ ಬಿಚ್ಚಿದರೆ ನನ್ನದೇ ಕೈಬರಹದ ಕವರು ಬಂತು. ಬಿಡಿಸಿಕೊಳ್ಳಲು ಒಪ್ಪಲಿಲ್ಲ ಎಂದು ಪೋಸ್ಟ್‌ಮ್ಯಾನ್ ಕವರಿನ ಮೇಲೆ ಗೀಚಿದ್ದ.

ಕೆಲಸದ ಹೊತ್ತು. ಹೇಳದೆ ಕೇಳದೆ ಮುಚ್ಚಿದರೆ ಕೆಲಸಕ್ಕೇ ಸಂಚಕಾರ, ಅಂಥದ್ದಕ್ಕೇ ಕಾಯುವವರಿದ್ದರು. ಆದರೂ ನನ್ನ ಕೈಯಾರೆ ಬಾಗಿಲೆಳೆದು ಬೀಗ ಹಾಕಿದೆ. ನಾಗಮಂಗಲದಲ್ಲಿ ಬಸ್ಸು ಬದಲಿಸಿದೆ, ಕೆ.ಆರ್. ಪೇಟೆಯಲ್ಲಿ ಮತ್ತೆ ಬದಲಿಸಿದೆ. ಇಡೀ ದಾರಿ ಕವರನ್ನು ಕೈಯಲ್ಲೇ ಹಿಡಿದಿದ್ದೆ.

ಶೀಳನೆರೆಯಲ್ಲಿ ಅವಳು ಕೊಟ್ಟಿಗೆಯ ಮುಂದೆ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ನನ್ನನ್ನು ನೋಡಿ ನಕ್ಕಳು. ಆಮೇಲೆ ಕೈಯಲ್ಲಿದ್ದ ಕವರು ನೋಡಿದಳು. ನಗು ನಿಂತಿತು.

"ಈ ಸಲ ಒಳ್ಗೆ ಬರ್ದಿದ್ರಾ ಅಕ್ಕ?"

ಹೂಂ ಎಂದೆ. ಅವಳು ಒದ್ದೆ ಕೈಯಲ್ಲೇ ನನ್ನ ಜೊತೆ ಬಸ್ಸು ಹತ್ತಿದಳು. ನಾವು ಊರು ಸೇರಿದಾಗ ದೊಡ್ಡಯ್ಯನಿಗೆ ಉಸಿರಿತ್ತು, ಗುರುತು ಸಿಗುತ್ತಿರಲಿಲ್ಲ. ಅವಳು ಪಕ್ಕದಲ್ಲಿ ಕೂತು, ನಾನು ಬಂದಿವ್ನಿ ಕಣಪ್ಪ ಎಂದು ರಾತ್ರಿಯೆಲ್ಲ ಹೇಳುತ್ತಲೇ ಇದ್ದಳು.