ನೀರು ಬಿಡುವುದಿಲ್ಲವೆಂದ ಮರಮ್ಮ

ಬೆಳಗಿನ ಐದೂಕಾಲು. ಅತ್ತಿಕೊಪ್ಪಲಿನ ಕೆಳಗಿನ ಬೀದಿಯಲ್ಲಿ ವಾಲ್ವ್ ಗುಂಡಿಯ ಪಕ್ಕ ಮೊಣಕಾಲೂರಿ ಕುಳಿತ ಮರಮ್ಮ ಕಬ್ಬಿಣದ ಕೀಲಿಯನ್ನು ಅರ್ಧ ಸುತ್ತು ತಿರುಗಿಸಿ ನಿಲ್ಲಿಸುತ್ತಾರೆ. ಮೊದಲ ನಲ್ಲಿಗೆ ಓಡಿ, ಬೊಗಸೆಯಲ್ಲಿ ನೀರು ಹಿಡಿದು ಮೂಸುತ್ತಾರೆ. ಕುಡಿದು ನೋಡುತ್ತಾರೆ. ಆಮೇಲೆ ಬಂದು ಉಳಿದರ್ಧ ತಿರುಗಿಸುತ್ತಾರೆ. ಮುಂದಿನ ಗುಂಡಿಯತ್ತ ಹೊರಟವರು ನಾಲ್ಕು ಹೆಜ್ಜೆಗೇ ಹಿಂತಿರುಗಿ ಇನ್ನೊಮ್ಮೆ ಮೂಸುತ್ತಾರೆ. ಚಂಡಮಾರುತ ಹೋಗಿ ಎರಡು ತಿಂಗಳಾದರೂ ಈ ಚಡಪಡಿಕೆ ಹೋಗಿಲ್ಲ.

ಹುಣಸೂರು ತಾಲ್ಲೂಕಿನ ಗುರುಪುರದಿಂದ ಒಳಗಿರುವ ಈ ಊರಿಗೆ ನಲವತ್ತೆಂಟರ ಮರಮ್ಮನೇ ನೀರುಗಂಟಿ. ಮೊದಲು ಗಂಡ ಮಂಟಯ್ಯ ಈ ಕೆಲಸದಲ್ಲಿದ್ದರು. ಒಂಬತ್ತು ವರ್ಷದ ಹಿಂದೆ ಅವರು ಟ್ಯಾಂಕಿನ ಏಣಿಯಿಂದ ಜಾರಿಬಿದ್ದು ಸೊಂಟ ಮುರಿದುಕೊಂಡ ಮೇಲೆ ಕೀಲಿ ಇವರ ಕೈಗೆ ಬಂತು. ಹನ್ನೊಂದು ವಾಲ್ವ್, ಇನ್ನೂರ ಹನ್ನೆರಡು ನಲ್ಲಿ, ದಿನಕ್ಕೆ ಎರಡು ಸುತ್ತು. ನಡಿಗೆಯೇ ಆರು ಕಿಲೋಮೀಟರ್. "ಎಂಗ್ಸು ಕೈಲಿ ಕೀಲಿ ನೋಡಿ ನಗೋರು. ಟೈಮಿಗ್ ಸರ್ಯಾಗಿ ನೀರು ಬಂತಲ್ಲ, ಸುಮ್ಕಾದ್ರು" ಎನ್ನುತ್ತಾರೆ.

ಬಂಗಾಳ ಕೊಲ್ಲಿಯಲ್ಲೆದ್ದ ಗಾಳಿ ಇಷ್ಟು ಒಳನಾಡಿಗೆ ಬಂದು ಬಡಿಯುತ್ತದೆಂದು ಊರಲ್ಲಿ ಯಾರೂ ಎಣಿಸಿರಲಿಲ್ಲ. ಎರಡು ದಿನ ಬಿಟ್ಟೂಬಿಡದೆ ಸುರಿಯಿತು. ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳ ತಗಡುಗಳು ಹಾರಿಹೋದವು, ಮೂವತ್ತೇಳು ಮನೆ ಕುಸಿದವು, ಕೆರೆ ಕೋಡಿ ಒಡೆದು ಕೆಳಗಿನ ಬೀದಿಗೆ ನುಗ್ಗಿತು. ಶಾಲೆಯೇ ನಿರಾಶ್ರಿತರ ಕಾಳಜಿ ಕೇಂದ್ರವಾಯಿತು. ಪಿರಿಯಾಪಟ್ಟಣ, ಕೆ.ಆರ್. ನಗರದಿಂದ ಅಕ್ಕಿ, ಕಂಬಳಿ ಬಂದವು. ಗುರುಪುರದ ಟಿಬೆಟಿಯನ್ ಕ್ಯಾಂಪಿನವರು ಬ್ರೆಡ್ಡು ತಂದು ಹಂಚಿದರು. ನೀರಿಗೆ ಮಾತ್ರ ತತ್ವಾರ; ಕರೆಂಟು ಹೋಗಿ ಪಂಪು ನಿಂತಿತ್ತು. ದಾರಿಯುದ್ದ ಮರ ಬಿದ್ದಿದ್ದರಿಂದ ಟ್ಯಾಂಕರ್ ಎರಡು ದಿನಕ್ಕೊಮ್ಮೆ ಬಂದರೆ ಹೆಚ್ಚು.

ಐದನೆಯ ದಿನ ಕರೆಂಟು ಬಂತು. ಟ್ಯಾಂಕು ತುಂಬಿದ ಕೂಡಲೇ ಮರಮ್ಮ ಕೆಳಗಿನ ಬೀದಿಗೆ ನೀರು ಬಿಟ್ಟರು. ಜನ ಕೊಡ ಹಿಡಿದು ಓಡಿಬಂದರು. ಹತ್ತು ನಿಮಿಷವಾಗಿತ್ತೇನೋ, ಯಾರದೋ ಬಿಂದಿಗೆಯ ಹತ್ತಿರ ಬಗ್ಗಿದ ಮರಮ್ಮನಿಗೆ ಚರಂಡಿಯ ವಾಸನೆ ಹೊಡೆಯಿತು. ಓಡಿಹೋಗಿ ವಾಲ್ವ್ ಮುಚ್ಚಿದರು. ಹಿಡಿದದ್ದನ್ನೆಲ್ಲ ಚೆಲ್ಲಿ ಎಂದು ಮನೆಮನೆಗೆ ಹೇಳಿದರು. ಪಂಚಾಯಿತಿ ಕೊಟ್ಟಿದ್ದ ಪರೀಕ್ಷೆಯ ಸೀಸೆಯೊಂದಕ್ಕೆ ನೀರು ತುಂಬಿಟ್ಟರು; ನೀರು ಕೆಟ್ಟಿದ್ದರೆ ಒಂದು ದಿನದೊಳಗೆ ಕಪ್ಪಾಗುತ್ತದೆ.

ಒಂದು ದಿನ ಕಾಯುವ ತಾಳ್ಮೆ ಯಾರಲ್ಲೂ ಇರಲಿಲ್ಲ. ಪಂಚಾಯಿತಿ ಸದಸ್ಯ ಉಮಾಶಂಕರ ಜನರನ್ನು ಕಟ್ಟಿಕೊಂಡು ಬಂದರು. ಟ್ಯಾಂಕು ತುಂಬಿದೆ, ಶಾಲೆಯಲ್ಲಿ ಮಕ್ಕಳು ಬಾಯಾರಿ ಅಳುತ್ತಿವೆ, ಕಾಯಿಸಿ ಕುಡಿಯುತ್ತೇವೆ, ಬಿಡು ಎಂದರು. ಒಣ ಸೌದೆ ಎಲ್ಲಿದೆ ಎಂದು ಮರಮ್ಮ ಕೇಳಿದರು. ಮಾತಿಗೆ ಮಾತು ಬೆಳೆದು ಯಾರೋ ಕೀಲಿಗೆ ಕೈ ಹಾಕಿದಾಗ ಮರಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಗುಂಡಿಯ ಮುಚ್ಚಳದ ಮೇಲೆ ಕುಳಿತುಬಿಟ್ಟರು.

"ಬಯ್ರಿ, ಒಡೀರಿ. ಸೀಸೆ ಬಣ್ಣ ನೋಡೋಗಂಟ ನಾನ್ ಬುಡಾಕಿಲ್ಲ."

ಮಂಟಯ್ಯ ಊರುಗೋಲು ಹಿಡಿದು ಕುಂಟುತ್ತಾ ಬಂದು ಹೆಂಡತಿಯ ಬದಲು ಮುಚ್ಚಳದ ಮೇಲೆ ಕುಳಿತರು. ಮರಮ್ಮ ಊರಾಚೆಯ ತೋಟದವರನ್ನು ಕಾಡಿ, ಅವರ ಕೊಳವೆಬಾವಿಯ ನೀರನ್ನು ಟ್ರ್ಯಾಕ್ಟರಿನ ಡ್ರಮ್ಮುಗಳಲ್ಲಿ ತುಂಬಿಸಿ ಶಾಲೆಗೆ ಸಾಗಿಸಿದರು. ಕತ್ತಲಾಗುವಷ್ಟರಲ್ಲಿ ನಾಲ್ಕು ಸಲ.

ಮರುದಿನ ಮಧ್ಯಾಹ್ನ ಸೀಸೆ ಕಪ್ಪಾಗಿತ್ತು. ಅದನ್ನು ನೋಡಿದ ಉಮಾಶಂಕರ ಪಂಚೆ ಎತ್ತಿಕಟ್ಟಿ, ಗುದ್ದಲಿ ಹಿಡಿದು ಚರಂಡಿಗಿಳಿದರು. ಉರುಳಿದ ತೆಂಗಿನಮರದ ಬುಡದಲ್ಲಿ ಪೈಪಿನ ಜಾಯಿಂಟು ಬಾಯಿಬಿಟ್ಟಿತ್ತು. ಅದನ್ನು ಬದಲಿಸಿ, ಪೈಪನ್ನೂ ಟ್ಯಾಂಕನ್ನೂ ತೊಳೆದು, ಹೊಸ ಸೀಸೆ ಕಪ್ಪಾಗಲಿಲ್ಲವೆಂದು ಖಾತ್ರಿಯಾದ ಮೇಲೆ ಮರಮ್ಮ ನೀರು ಬಿಟ್ಟರು. ಶಾಲೆಯಲ್ಲಿದ್ದ ಅರವತ್ತೊಂದು ಕುಟುಂಬಗಳಲ್ಲಿ ಯಾರಿಗೂ ಏನೂ ಆಗಲಿಲ್ಲ.

ಮರಮ್ಮ ಈ ಕೊನೆಯ ಮಾತನ್ನು ಯಾರು ಹೇಳಿದರೂ ಎದ್ದು ಹೋಗುತ್ತಾರೆ. ಕೆಳಗಿನ ಬೀದಿಯ ಮನೆಗಳಲ್ಲಿ, ಚೆಲ್ಲುವ ಮೊದಲೇ ಆ ಹತ್ತು ನಿಮಿಷದ ನೀರು ಕುಡಿದಿದ್ದ ನಾಲ್ವರಿಗೆ ವಾಂತಿ ಭೇದಿಯಾಗಿತ್ತು. ಒಂಟಿಯಾಗಿ ಬದುಕುವ ಎಪ್ಪತ್ತರ ತಿಮ್ಮಮ್ಮ ಹುಣಸೂರಿನ ಆಸ್ಪತ್ರೆಯಲ್ಲಿ ಆರು ದಿನ ಮಲಗಿದ್ದರು. ಎರಡು ಸುತ್ತಿನ ನಡುವೆ ಬಸ್ಸು ಹತ್ತಿ ಮರಮ್ಮ ದಿನಾ ಹೋಗಿ ಬಂದರು. ಅಜ್ಜಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು.

"ಮೊದ್ಲೇ ಮೂಸಿದ್ರೆ ಆಗ್ತಿತ್ತು ಕಣ್ರೀ. ಅತ್ತು ನಿಮಿಸ. ಕಣ್ ಮುಚ್ಚುದ್ರೆ ಅದೇ ಬತ್ತದೆ."

ಪಂಚಾಯಿತಿಯವರು ಶಾಲು ಹೊದಿಸಲು ಕರೆದಾಗ, ನೀರಿನ ಹೊತ್ತು ಎಂದು ಇವರು ಹೋಗಲಿಲ್ಲ. ಪೈಪನ್ನು ಚರಂಡಿಯ ಮಗ್ಗುಲಿಂದ ಎತ್ತಿ ಬೇರೆ ಕಡೆ ಹಾಕಿಸಿ ಎಂದು ಅರ್ಜಿ ಬರೆಸಿ ಕಳಿಸಿದರು. ಆ ಕೆಲಸ ಇನ್ನೂ ಆಗಿಲ್ಲ.

ಊರಿಗೆ ಬಂದ ಮೇಲೂ ತಿಮ್ಮಮ್ಮ ನಲ್ಲಿಯ ನೀರು ಮುಟ್ಟಲಿಲ್ಲ. ತೋಟದ ಕೊಳವೆಬಾವಿಯಿಂದ ತಂಬಿಗೆ ತಂಬಿಗೆ ಹೊತ್ತು ತರುತ್ತಿದ್ದರು. ಹೋದ ಸೋಮವಾರದ ಸಂಗತಿ ಹೇಳುವಾಗ ಮರಮ್ಮ ಮೊದಲ ಬಾರಿಗೆ ಒಂದು ಕಡೆ ನಿಲ್ಲುತ್ತಾರೆ.

"ಅಜ್ಜಿ ಬಂದು ನಲ್ಲಿ ಕೆಳಗೆ ಕೊಡ ಇಟ್ರು. ನಾನ್ ಕೊಡ ತುಂಬೋಗಂಟ ಅಲ್ಲೇ ನಿಂತಿದ್ದೆ."